ಎರಡು ಪಟ್ಟಿಯಲ್ಲೂ ಇಲ್ಲದವರು

ಅಕ್ಕನ ಮದುವೆಗೆ ನಮ್ಮ ಮನೆಯಲ್ಲಿ ಇಬ್ಬರು ಪಟ್ಟಿ ಬರೆದಿದ್ದರು. ಅಮ್ಮ ಬರೆದದ್ದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ, ಅಡುಗೆಮನೆಯಲ್ಲಿ ಕೂತು, ನೆನಪಾದಾಗಲೆಲ್ಲ ಒಂದೊಂದು ಹೆಸರು. ಚಿಕ್ಕಪ್ಪ ಬರೆದದ್ದು ಆಫೀಸಿನ ಡೈರಿಯಲ್ಲಿ, ಒಂದೇ ಭಾನುವಾರ ಕೂತು, ಬಡಾವಣೆವಾರು: ಚಾಮರಾಜಪೇಟೆಯವರು ಒಂದು ಪುಟ, ಗವೀಪುರದವರು ಒಂದು ಪುಟ, ಮಲ್ಲೇಶ್ವರದವರು ಇನ್ನೊಂದು ಪುಟ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿರಲಿಲ್ಲ. ಅಮ್ಮನದರಲ್ಲಿ 90 ಮನೆ, ಚಿಕ್ಕಪ್ಪನದರಲ್ಲಿ 80. (ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ಸ್ವಲ್ಪ ದುಂಡಾಗಿಸಿದ್ದೇನೆ.) ಎರಡನ್ನೂ ಪಕ್ಕಪಕ್ಕ ಇಟ್ಟು ಟಿಕ್ಕು ಹಾಕುತ್ತ ಬಂದಾಗ 60 ಮನೆ ಎರಡರಲ್ಲೂ ಸಿಕ್ಕವು. ಹಾಗಾಗಿ ಒಟ್ಟು 110 ಲಗ್ನಪತ್ರಿಕೆ ಹೋದವು. ಇನ್ನು ಯಾರೂ ಬಿಟ್ಟುಹೋಗಿಲ್ಲ ಎಂದು ಅಪ್ಪ ನೆಮ್ಮದಿಯಿಂದ ಮಲಗಿದರು.

ಮದುವೆಯಾದ ತಿಂಗಳಲ್ಲಿ ಗಾಂಧಿಬಜಾರಿನಲ್ಲಿ, ಗುಡಿಯಲ್ಲಿ, ಬಸ್‌ಸ್ಟಾಪಿನಲ್ಲಿ ಒಬ್ಬೊಬ್ಬರೇ ಸಿಕ್ಕು, "ಕರೀಲೇ ಇಲ್ವಲ್ಲ ಸ್ವಾಮಿ" ಎಂದರು. ಇನ್ನು ಕೆಲವರು ಏನೂ ಹೇಳದೆ ಮುಖ ತಿರುಗಿಸಿ ಹೋದರು. ಅಮ್ಮ ಅದನ್ನು ವರ್ಷಗಟ್ಟಲೆ ಮನಸ್ಸಿಗೆ ಹಚ್ಚಿಕೊಂಡಿದ್ದಳು.

ಮುಂದೆ ನಾನು ಸಂಖ್ಯಾಶಾಸ್ತ್ರ ಓದಿ, ಚಾಮರಾಜಪೇಟೆಯಲ್ಲಿ ಸಂಜೆಯ ಹೊತ್ತು ಬಿ.ಕಾಂ. ಹುಡುಗರಿಗೂ ಕೆ.ಎ.ಎಸ್. ಪರೀಕ್ಷೆಗೆ ಕೂರುವವರಿಗೂ ಅದನ್ನೇ ಪಾಠ ಹೇಳತೊಡಗಿದೆ. ಆಗ ತಿಳಿಯಿತು: ಎಷ್ಟು ಮನೆ ಬಿಟ್ಟುಹೋಗಿವೆ ಎಂಬುದನ್ನು ಆ ರಾತ್ರಿಯೇ, ಆ ಎರಡು ಪಟ್ಟಿಗಳನ್ನೇ ಇಟ್ಟುಕೊಂಡು, ಸುಮಾರಾಗಿ ಹೇಳಬಹುದಿತ್ತು. ಹೆಸರು ಹೇಳಲಾಗುತ್ತಿರಲಿಲ್ಲ, ಎಷ್ಟು ಎಂಬುದನ್ನು ಹೇಳಬಹುದಿತ್ತು. ಯಾವ ಪಟ್ಟಿಯಲ್ಲೂ ಇಲ್ಲದವರನ್ನು ಎಣಿಸುವ ಈ ದಾರಿ ನಮ್ಮ ದೇಶದಲ್ಲೇ ಸರ್ಕಾರದ ಕೆಲಸಕ್ಕೆಂದು ರೂಪುಗೊಂಡಿತು. ಆದರೆ ಅದು ಏಕೆ ಬೇಕಾಯಿತು ಎಂಬುದು ಅರ್ಥವಾಗಬೇಕಾದರೆ ಮೈಸೂರು ಸೀಮೆಯಿಂದಲೇ ಶುರುಮಾಡಬೇಕು.

ಖಾನೇಷುಮಾರಿ ನಮ್ಮಲ್ಲಿ ಹೊಸದಲ್ಲ. ಮನೆ, ಒಕ್ಕಲು, ನೇಗಿಲು, ದನಕರುಗಳ ಲೆಕ್ಕವನ್ನು ಶಾನುಭೋಗರು ಕಂದಾಯಕ್ಕಾಗಿ ಬರೆದಿಡುತ್ತಿದ್ದರು. ಆದರೆ ಇಡೀ ಸಂಸ್ಥಾನದ ಜನರ ತಲೆ ಎಣಿಸಿದ ದೊಡ್ಡ ಗಣತಿ 1871ರದು. ಆಗ ಆಡಳಿತ ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು, ಬೆಂಗಳೂರಿನ ಅಠಾರ ಕಚೇರಿ ಅದರ ಕೇಂದ್ರ. ಆ ಗಣತಿಯಲ್ಲಿ ಮೈಸೂರಿನ ಜನಸಂಖ್ಯೆ 50,55,412 ಎಂದು ಬಂತು.

ಐದು ವರ್ಷದೊಳಗೆ ಬರ. 1875ರಲ್ಲಿ ಮಳೆ ಕಡಿಮೆಯಾಯಿತು, 1876ರಲ್ಲಿ ಪೂರ್ತಿ ಕೈಕೊಟ್ಟಿತು, 1877ರಲ್ಲೂ ಬೇಗ ಬರಲಿಲ್ಲ. ಧಾತು, ಈಶ್ವರ ಸಂವತ್ಸರಗಳು ಅವು. ನಮ್ಮ ಹಿರಿಯರು "ಧಾತು ಈಶ್ವರದ ಬರ" ಎಂದೇ ಹೇಳುತ್ತಿದ್ದರು. ಗಂಜಿಕೇಂದ್ರಗಳು ತೆರೆದವು. ಬೆಂಗಳೂರು ಮೈಸೂರು ರೈಲುದಾರಿಯ ಮಣ್ಣು ಕೆಲಸಕ್ಕೆ ಹಸಿದವರನ್ನು ಹಚ್ಚಿದರು. ಸತ್ತವರ ಲೆಕ್ಕ ಪಟೇಲನಿಂದ ಅಮಲ್ದಾರನಿಗೆ, ಅಮಲ್ದಾರನಿಂದ ಜಿಲ್ಲೆಗೆ, ಜಿಲ್ಲೆಯಿಂದ ಬೆಂಗಳೂರಿಗೆ ಬರಬೇಕಾಗಿತ್ತು. ಆದರೆ ಹಸಿದವರು ಊರು ಬಿಟ್ಟು ನಡೆಯತೊಡಗಿದರು. ದಾರಿಯಲ್ಲಿ ಸತ್ತವರನ್ನು ಯಾರು ಬರೆದುಕೊಳ್ಳುತ್ತಾರೆ? ಅವರು ಸತ್ತದ್ದು ಹುಟ್ಟಿದೂರಿನ ಪಟೇಲನಿಗೆ ಗೊತ್ತಿಲ್ಲ, ಅವರು ಯಾರೆಂದು ಸತ್ತೂರಿನ ಪಟೇಲನಿಗೆ ಗೊತ್ತಿಲ್ಲ. ಪಟೇಲನ ಮನೆಯಲ್ಲೇ ಸಾವಾಗಿದ್ದರೆ ಪುಸ್ತಕ ತೆರೆಯುವವರೂ ಇಲ್ಲ. ಬರೆದದ್ದೇನೋ ಬೆಂಗಳೂರಿಗೆ ಬಂತು. ಬರೆಯದೆ ಬಿಟ್ಟದ್ದು ಎಷ್ಟು ಎಂಬುದನ್ನು ಆ ಪುಸ್ತಕಗಳನ್ನು ಎಷ್ಟು ಸಲ ಕೂಡಿದರೂ ತಿಳಿಯುವಂತಿರಲಿಲ್ಲ.

1881ರ ಫೆಬ್ರವರಿ 17ರ ರಾತ್ರಿ ಮತ್ತೆ ಎಣಿಸಿದರು. 41,86,188. ಹತ್ತು ವರ್ಷದ ಹಿಂದಿನದಕ್ಕಿಂತ 8,69,224 ಕಡಿಮೆ. ನೂರಕ್ಕೆ ಹದಿನೇಳು ಮಂದಿ ಇಲ್ಲ. ಗಣತಿಯಾಗಿ ಐದು ವಾರಕ್ಕೆ, ಮಾರ್ಚ್ 25ರಂದು, ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿ ಬಂತು. ಹದಿನೆಂಟು ವರ್ಷದ ಆ ದೊರೆಗೂ ದಿವಾನ್ ರಂಗಾಚಾರ್ಲು ಅವರಿಗೂ ಖಜಾನೆಯ ಸಾಲದ ಜೊತೆಗೆ ಸಿಕ್ಕ ಅಂಕಿ ಇದು.

ಈ ಕಳೆಯುವ ಲೆಕ್ಕವನ್ನು ನಾನು ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆದು, "ಹಾಗಾದರೆ ಬರದಲ್ಲಿ ಸತ್ತವರೆಷ್ಟು?" ಎಂದು ಕೇಳುತ್ತೇನೆ. ಎಲ್ಲರೂ ಒಟ್ಟಿಗೆ 8,69,224 ಎನ್ನುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಹಿಂದಿನ ಬೆಂಚಿನಿಂದ ಯಾರಾದರೂ ಏಳುತ್ತಾರೆ: ಸಾರ್, 1871ರಿಂದ 76ರವರೆಗೆ ಹುಟ್ಟಿದವರು? ವಲಸೆ ಹೋದವರು? ಬರದಲ್ಲಿ ಹುಟ್ಟಬೇಕಾಗಿದ್ದು ಹುಟ್ಟದೇ ಹೋದವರು? ಮೊದಲ ಗಣತಿಯೇ ಕೆಲವರನ್ನು ಬಿಟ್ಟಿದ್ದರೆ? ಈ ನಾಲ್ಕು ಪ್ರಶ್ನೆ ಕೇಳಲು ಬಂದರೆ ಅರ್ಧ ಸಂಖ್ಯಾಶಾಸ್ತ್ರ ಬಂದಂತೆ ಎಂದು ನಾನು ನಂಬಿದ್ದೇನೆ. ಸರಾಸರಿ, ಮಧ್ಯಾಂಕ, ಬಹುಲಕಗಳನ್ನು ಬಾಯಿಪಾಠ ಮಾಡಿಸುವುದು ಆಮೇಲಿನ ಕೆಲಸ.

ಇನ್ನೊಂದು ಅಂಕಿಯನ್ನೂ ಹಲಗೆಯ ಮೇಲೆ ಬರೆಯುತ್ತೇನೆ. ಅದೇ ಹತ್ತು ವರ್ಷದಲ್ಲಿ ಬೆಂಗಳೂರು, ದಂಡು ಪ್ರದೇಶವನ್ನೂ ಸೇರಿಸಿ, 1,42,513ರಿಂದ 1,55,857ಕ್ಕೆ ಏರಿತ್ತು. ಸೀಮೆಯೆಲ್ಲ ಬರಿದಾಗಿರುವಾಗ ರಾಜಧಾನಿಯ ಅಂಕಿ ಹದಿಮೂರು ಸಾವಿರ ಮೇಲಕ್ಕೆ ಹೋಗಿತ್ತು. ಕಚೇರಿಯ ಕಿಟಕಿಯಿಂದ ಕಂಡ ಬೆಂಗಳೂರನ್ನೇ ಮೈಸೂರೆಂದು ತಿಳಿದಿದ್ದ ಅಧಿಕಾರಿಗೆ ಬರವೇ ಬಂದಿರಲಿಲ್ಲ.

ಇಪ್ಪತ್ತು ವರ್ಷದ ಮೇಲೆ ಬೆಂಗಳೂರಿನ ಸರದಿ ಬಂತು. 1898ರಲ್ಲಿ ಪ್ಲೇಗು ಪೇಟೆಗೆ ಬಂದಾಗ ಜನ ರೋಗಕ್ಕೆ ಎಷ್ಟು ಹೆದರಿದರೋ ಸರ್ಕಾರದ ಕ್ಯಾಂಪಿಗೂ ಅಷ್ಟೇ ಹೆದರಿದರು. ಮನೆಯಲ್ಲಿ ಕಾಯಿಲೆ ಎಂದು ತಿಳಿದರೆ ಮನೆ ಖಾಲಿ ಮಾಡಿಸುತ್ತಾರೆ, ಸಾಮಾನು ಸುಡುತ್ತಾರೆ, ಉಳಿದವರನ್ನು ಬೇರೆ ಇಡುತ್ತಾರೆ. ಆ ಹೆದರಿಕೆಗೆ ಸಾವನ್ನೇ ಮುಚ್ಚಿಟ್ಟವರಿದ್ದರು. ಅಷ್ಟರಲ್ಲೇ ರೂಪುಗೊಳ್ಳುತ್ತಿದ್ದ ಬಸವನಗುಡಿಯೂ ಮಲ್ಲೇಶ್ವರವೂ ಆ ಪಿಡುಗಿನ ಒತ್ತಡದಲ್ಲಿ ಬೇಗ ಬೆಳೆದವು. ಅಗಲ ಬೀದಿ, ಗಾಳಿ ಬೆಳಕಿನ ಮನೆ, ಹಿಂದುಗಡೆ ಜಾಡಮಾಲಿ ಓಣಿ, ಇವೆಲ್ಲ ಪ್ಲೇಗಿನಿಂದ ಕಲಿತ ಪಾಠ. 1891ರಲ್ಲಿ ನಗರ ಮತ್ತು ದಂಡು ಸೇರಿ 1,80,366 ಇದ್ದದ್ದು 1901ರ ಗಣತಿಯಲ್ಲಿ 1,59,046ಕ್ಕೆ ಇಳಿದಿತ್ತು. ಕಡಿಮೆಯಾದ 21,320 ಮಂದಿಯಲ್ಲಿ ಸತ್ತವರೆಷ್ಟು, ಹಳ್ಳಿಗೆ ಓಡಿಹೋದವರೆಷ್ಟು, ಎಣಿಸುವವನಿಗೆ ಬಾಗಿಲು ತೆರೆಯದವರೆಷ್ಟು? ಕಳೆಯುವ ಲೆಕ್ಕ ಇಲ್ಲೂ ಅಲ್ಲೇ ನಿಲ್ಲುತ್ತದೆ.

ಮುಂದಿನ ಗಣತಿಗಳು ಅಚ್ಚುಕಟ್ಟಾಗುತ್ತ ಬಂದವು. 1931ರ ಮೈಸೂರು ಗಣತಿಯ ವರದಿ ಬರೆದ ಸೂಪರಿಂಟೆಂಡೆಂಟರ ಹೆಸರು ಎಂ. ವೆಂಕಟೇಶ ಅಯ್ಯಂಗಾರ್. ನಮ್ಮ ಮಾಸ್ತಿಯವರು. ಗವೀಪುರದ ಮನೆಯಿಂದ ಕೋಟು, ಪೇಟದಲ್ಲಿ ಹೊರಟು ಬಸವನಗುಡಿಯ ಬೀದಿಗಳಲ್ಲಿ ನಡೆಯುತ್ತಿದ್ದ ಮಾಸ್ತಿಯವರನ್ನು ಸಣ್ಣಕತೆಗಳ ಮೂಲಕವೇ ಬಲ್ಲ ನಮ್ಮ ಹುಡುಗರಿಗೆ, ಅವರು 65,57,302 ಜನರ ಕೋಷ್ಟಕಗಳನ್ನೂ ಸಿದ್ಧಪಡಿಸಿದರು ಎಂದರೆ ಅಚ್ಚರಿ. ನನಗೆ ಹಾಗೆನಿಸುವುದಿಲ್ಲ. ಒಂದೊಂದು ಮನೆಯನ್ನೂ ಒಳಹೊಕ್ಕು ಕಂಡವರಿಗೇ ಆ ಕೆಲಸ ಸಲ್ಲುತ್ತದೆ.

ಆದರೂ ಮೂಲ ಪ್ರಶ್ನೆ ಹಾಗೆಯೇ ಉಳಿದಿತ್ತು. ಗಣತಿ ಹತ್ತು ವರ್ಷಕ್ಕೊಮ್ಮೆ. ನಡುವೆ ಆಸ್ಪತ್ರೆ ಎಲ್ಲಿ ಕಟ್ಟಬೇಕು, ಸಿಡುಬಿನ ಲಸಿಕೆ ಎಷ್ಟು ತರಿಸಬೇಕು, ಶಾಲೆಗೆ ಮುಂದಿನ ವರ್ಷ ಎಷ್ಟು ಮಕ್ಕಳು ಬರುತ್ತಾರೆ ಎಂಬುದಕ್ಕೆ ಜನನ ಮರಣದ ಪುಸ್ತಕವೇ ಗತಿ. ಆ ಪುಸ್ತಕ ಅರೆಬರೆ ಎಂದು ಎಲ್ಲರಿಗೂ ಗೊತ್ತಿತ್ತು, ಎಷ್ಟು ಅರೆ ಎಂಬುದು ಗೊತ್ತಿರಲಿಲ್ಲ.

ಉತ್ತರ ಸಿಕ್ಕಿದ್ದು ಬಂಗಾಳದ ಸಿಂಗೂರಿನಲ್ಲಿ. ಕಲ್ಕತ್ತೆಯ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆಗೆ ಅಲ್ಲೊಂದು ಆರೋಗ್ಯ ಕೇಂದ್ರವಿತ್ತು. ಆ ಸಂಸ್ಥೆಯಲ್ಲಿ ಸಂಖ್ಯಾಶಾಸ್ತ್ರದವರಾಗಿದ್ದ ಸಿ. ಚಂದ್ರಶೇಖರನ್ ಅವರ ಕೈಯಲ್ಲಿ ಎರಡು ಪಟ್ಟಿಗಳಿದ್ದವು. ಒಂದು, ಸಿಂಗೂರಿನ ಸುತ್ತಲಿನ ಹಳ್ಳಿಗಳಲ್ಲಿ 1945 ಮತ್ತು 46ರಲ್ಲಿ ಆದ ಜನನ ಮರಣಗಳನ್ನು ರಿಜಿಸ್ಟ್ರಾರ್ ಬರೆದುಕೊಂಡದ್ದು. ಇನ್ನೊಂದು, 1947ರಲ್ಲಿ ಬೇರೆಯವರು ಮನೆಮನೆಗೆ ಹೋಗಿ ಅದೇ ಎರಡು ವರ್ಷದ್ದನ್ನೇ ಕೇಳಿ ಬರೆದದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ಹೆಸರಿಗೆ ಹೆಸರು ಹೊಂದಿಸಿದರು. ಮೂರು ಗುಂಪಾದವು: ಎರಡರಲ್ಲೂ ಇದ್ದವು, ಮೊದಲನೆಯದರಲ್ಲಿ ಮಾತ್ರ ಇದ್ದವು, ಎರಡನೆಯದರಲ್ಲಿ ಮಾತ್ರ ಇದ್ದವು. ಸಾಮಾನ್ಯವಾಗಿ ಯಾರಾದರೂ ಈ ಮೂರನ್ನು ಕೂಡಿ, "ಈಗ ಪಟ್ಟಿ ಸರಿಹೋಯಿತು" ಎಂದು ಮುಗಿಸುತ್ತಿದ್ದರು. ನಮ್ಮ ಅಪ್ಪ ಮುಗಿಸಿದ್ದು ಹಾಗೆಯೇ.

ಚಂದ್ರಶೇಖರನ್ ಅವರೂ ಅವರ ಜೊತೆ ಈ ಕುರಿತು ಲೇಖನ ಬರೆದ ಅಮೆರಿಕದ ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್ ಅವರೂ ನಾಲ್ಕನೆಯ ಗುಂಪಿನ ಕಡೆ ನೋಡಿದರು. ಎರಡು ಪಟ್ಟಿಗೂ ಸಿಗದೆ ಹೋದವು. ಆ ಗುಂಪಿನ ಜಾಗ ಖಾಲಿ, ಅದರಲ್ಲಿ ಹಾಕಲು ಒಂದು ಅಂಕಿಯೂ ಇಲ್ಲ. ಆದರೆ ಉಳಿದ ಮೂರು ಗುಂಪುಗಳ ಅಂಕಿಗಳು ಅದನ್ನು ಹೇಳಿಬಿಡುತ್ತವೆ.

ಮದುವೆಯ ಪಟ್ಟಿಗೆ ಬನ್ನಿ. ಚಿಕ್ಕಪ್ಪ ಬರೆದ 80 ಮನೆಗಳಲ್ಲಿ 60ನ್ನು ಅಮ್ಮನೂ ಬರೆದಿದ್ದಳು. ಎಂದರೆ ಅಮ್ಮನ ನೆನಪು ನಾಲ್ಕು ಮನೆಗೆ ಮೂರನ್ನು ಹಿಡಿಯುವಂಥದ್ದು. ಚಿಕ್ಕಪ್ಪನ ಪಟ್ಟಿ ಅಮ್ಮನ ನೆನಪಿಗೆ ಇಟ್ಟ ಪರೀಕ್ಷೆ ಎಂದು ತಿಳಿಯಿರಿ. ಹಾಗಿದ್ದರೆ ಅವಳು ಒಟ್ಟು ಬರೆದ 90, ಕರೆಯಬೇಕಾದ ಎಲ್ಲ ಮನೆಗಳ ಮುಕ್ಕಾಲು ಭಾಗ. ಮುಕ್ಕಾಲು 90 ಆದರೆ ಪೂರ್ತಿ 120. ಪತ್ರಿಕೆ ಹೋದದ್ದು 110ಕ್ಕೆ. ಬಿಟ್ಟುಹೋದವು ಹತ್ತು. ಇದನ್ನೇ ಇನ್ನೊಂದು ರೀತಿಯಲ್ಲೂ ಮಾಡಬಹುದು: ಅಮ್ಮನದರಲ್ಲಿ ಮಾತ್ರ ಇದ್ದ 30ನ್ನು ಚಿಕ್ಕಪ್ಪನದರಲ್ಲಿ ಮಾತ್ರ ಇದ್ದ 20ರಿಂದ ಗುಣಿಸಿ, ಎರಡರಲ್ಲೂ ಇದ್ದ 60ರಿಂದ ಭಾಗಿಸಿ. ಆರುನೂರನ್ನು ಅರವತ್ತರಿಂದ ಭಾಗಿಸಿದರೆ ಅದೇ ಹತ್ತು.

ಅಷ್ಟೇ. ಕೂಲಿಮಠದಲ್ಲಿ ಕಲಿಸುತ್ತಿದ್ದ ತ್ರೈರಾಶಿ. ಹತ್ತೊಂಬತ್ತನೆಯ ಶತಮಾನದ ಮೊದಲಿಗೆ ಲಾಪ್ಲಾಸ್ ಫ್ರಾನ್ಸಿನ ಜನಸಂಖ್ಯೆಯನ್ನು ಇಂಥದೇ ತ್ರೈರಾಶಿಯಿಂದ ಅಂದಾಜು ಮಾಡಿದ್ದರು. ಅದೇ ಶತಮಾನದ ಕೊನೆಗೆ ಡೆನ್ಮಾರ್ಕಿನ ಪೀಟರ್‌ಸನ್ ಮೀನುಗಳಿಗೆ ಗುರುತು ಹಾಕಿ ನೀರಿಗೆ ಬಿಟ್ಟು, ಮತ್ತೆ ಬಲೆಗೆ ಬಿದ್ದವುಗಳಲ್ಲಿ ಗುರುತಿನವು ಎಷ್ಟು ಎಂದು ನೋಡುವ ದಾರಿಗೆ ತಳಹದಿ ಹಾಕಿದ್ದರು. ಮನುಷ್ಯರ ಹುಟ್ಟು ಸಾವಿನ ಪುಸ್ತಕಕ್ಕೆ ಅದನ್ನು ಸರಿಯಾಗಿ ಹೊಂದಿಸಿ, ಎಲ್ಲಿ ಕೆಡುತ್ತದೆ ಎಂಬುದನ್ನೂ ಹೇಳಿದ್ದು ಚಂದ್ರಶೇಖರನ್ ಮತ್ತು ಡೆಮಿಂಗ್. ಅವರ ಲೇಖನ 1949ರ ಮಾರ್ಚಿನಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಬಂತು.

ಕೆಡುವ ಜಾಗವೇ ಮುಖ್ಯ. ಇಬ್ಬರೂ ಸ್ವತಂತ್ರವಾಗಿ ಬರೆದಿದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಚಿಕ್ಕಪ್ಪ ಅಮ್ಮನ ಕ್ಯಾಲೆಂಡರನ್ನು ಇಣುಕಿ ನೋಡಿದ್ದರೆ ಹೊಂದಿಕೆಯಾದ ಹೆಸರುಗಳು ಹೆಚ್ಚುತ್ತವೆ, ಬಿಟ್ಟುಹೋದದ್ದು ಕಡಿಮೆ ಎಂದು ಕಾಣುತ್ತದೆ. ಇಣುಕದಿದ್ದರೂ ತೊಡಕು ತಪ್ಪಿದ್ದಲ್ಲ: ಇಬ್ಬರಿಗೂ ಹತ್ತಿರದ ನೆಂಟರು ತಟ್ಟನೆ ನೆನಪಾಗುತ್ತಾರೆ, ಹಳೆಯ ಬಾಡಿಗೆಮನೆಯ ನೆರೆಯವರನ್ನು ಇಬ್ಬರೂ ಮರೆಯುತ್ತಾರೆ. ಸಿಂಗೂರಿನಲ್ಲೂ ಹುಟ್ಟಿ ಎರಡು ದಿನಕ್ಕೆ ಹೋದ ಕೂಸನ್ನು ರಿಜಿಸ್ಟ್ರಾರನಿಗೆ ಯಾರೂ ಬರೆಸುವುದಿಲ್ಲ, ಆಮೇಲೆ ಕೇಳಲು ಬಂದವರ ಮುಂದೆ ತಾಯಿ ಅದರ ಮಾತೆತ್ತುವುದಿಲ್ಲ. ಒಂದೇ ಬಗೆಯವು ಎರಡು ಕಡೆಯೂ ಜಾರುತ್ತವೆ. ಇದಕ್ಕೆ ಅವರು ಹೇಳಿದ ಉಪಾಯ: ಎಲ್ಲವನ್ನೂ ಒಂದೇ ರಾಶಿ ಮಾಡಬೇಡಿ. ಊರುವಾರು, ವಯಸ್ಸುವಾರು, ಗಂಡು ಹೆಣ್ಣು ಎಂದು ಒಂದೇ ಬಗೆಯವರನ್ನು ಒಂದೊಂದು ಗುಂಪು ಮಾಡಿ, ಗುಂಪುಗುಂಪಿಗೂ ಬೇರೆ ಬೇರೆ ತ್ರೈರಾಶಿ ಹಾಕಿ, ಕೊನೆಗೆ ಕೂಡಿಸಿ. ನೆಂಟರನ್ನು ಒಂದು ಲೆಕ್ಕ, ಆಫೀಸಿನವರನ್ನು ಒಂದು ಲೆಕ್ಕ, ಹಳೆಯ ನೆರೆಯವರನ್ನು ಒಂದು ಲೆಕ್ಕ ಮಾಡಿದ ಹಾಗೆ. ಸೂತ್ರಕ್ಕಿಂತ ಈ ಉಪಾಯವನ್ನೇ ನಾನು ದೊಡ್ಡ ಆವಿಷ್ಕಾರ ಎನ್ನುತ್ತೇನೆ. ಯಾರು ಎಣಿಕೆಗೆ ತಪ್ಪುತ್ತಾರೆ ಎಂದು ಮೊದಲೇ ಯೋಚಿಸು ಎಂದು ಅದು ಅಧಿಕಾರಿಗೆ ಕಲಿಸುತ್ತದೆ.

ಎರಡೇ ವರ್ಷಕ್ಕೆ ಚಂದ್ರಶೇಖರನ್ ನಮ್ಮ ಕಡೆ ಬಂದರು. 1951 ಮತ್ತು 52ರಲ್ಲಿ ವಿಶ್ವಸಂಸ್ಥೆಯೂ ಭಾರತ ಸರ್ಕಾರವೂ ಕೂಡಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನದ ಕೆಲಸ ಅದು. ಬೆಂಗಳೂರು ನಗರದಲ್ಲೂ ಆಯ್ದ ಊರು ಹಳ್ಳಿಗಳಲ್ಲೂ ಮಾದರಿ ಮನೆಗಳನ್ನು ಆರಿಸಿ ತಾಯಂದಿರನ್ನು ಮಾತನಾಡಿಸಿದರು. ನೋಂದಣಿ ಪುಸ್ತಕ ಹೇಳುತ್ತಿದ್ದುದಕ್ಕಿಂತ ಹೆಚ್ಚು ಮಕ್ಕಳು ಹುಟ್ಟುತ್ತಿದ್ದಾರೆ ಎಂಬುದು ಕಂಡಿತು. ಪಟ್ಟಣದವರಿಗೆ ಮಕ್ಕಳು ಕಡಿಮೆ ಎಂಬ ನಂಬಿಕೆಗೂ ಆಧಾರ ಸಿಗಲಿಲ್ಲ, ಬೆಂಗಳೂರಿಗೂ ಹಳ್ಳಿಗೂ ಅಂಥ ಅಂತರವೇ ಇರಲಿಲ್ಲ. 1961ರಲ್ಲಿ ಅಚ್ಚಾದ ಆ ವರದಿಯನ್ನು ಜನಸಂಖ್ಯಾಶಾಸ್ತ್ರ ಓದುವವರು ಪ್ರಪಂಚದ ಎಲ್ಲ ಕಡೆ ಬಲ್ಲರು. ಅದರಲ್ಲಿ ಮಾತಾಡಿದ ಹೆಂಗಸರ ಮೊಮ್ಮಕ್ಕಳು ಇವತ್ತು ನಮ್ಮ ಬೀದಿಗಳಲ್ಲೇ ಇದ್ದಾರೆ. ಅವರಿಗೆ ಅದರ ಹೆಸರೂ ಗೊತ್ತಿಲ್ಲ ಎಂಬುದು ನನ್ನ ಬೇಸರ.

1964ರಲ್ಲಿ ಪ್ರಯೋಗವಾಗಿ ಶುರುವಾಗಿ 1970ರ ಹೊತ್ತಿಗೆ ದೇಶಕ್ಕೆಲ್ಲ ಹಬ್ಬಿದ ಮಾದರಿ ನೋಂದಣಿ ವ್ಯವಸ್ಥೆ ಇದೇ ಅಡಿಪಾಯದ ಮೇಲೆ ನಿಂತಿದೆ. ಆರಿಸಿದ ಹಳ್ಳಿ ಅಥವಾ ಬೀದಿಯಲ್ಲಿ ಅಲ್ಲೇ ಇರುವ ಒಬ್ಬರು ಹುಟ್ಟು ಸಾವುಗಳನ್ನು ಆದಾಗಲೇ ಬರೆದುಕೊಳ್ಳುತ್ತ ಹೋಗುತ್ತಾರೆ. ಆರು ತಿಂಗಳಿಗೊಮ್ಮೆ ಬೇರೊಬ್ಬರು, ಮೊದಲಿನವರ ಪುಸ್ತಕ ನೋಡದೆ, ಮನೆಮನೆಗೆ ಹೋಗಿ ಕೇಳುತ್ತಾರೆ. ಎರಡನ್ನೂ ಹೊಂದಿಸಿ, ಹೊಂದದವನ್ನು ಮತ್ತೆ ಆ ಮನೆಗೇ ಹೋಗಿ ವಿಚಾರಿಸುತ್ತಾರೆ. ಶಿಶುಮರಣ ಇಷ್ಟು ಇಳಿಯಿತು ಎಂದು ಪತ್ರಿಕೆಯಲ್ಲಿ ಓದುತ್ತೀರಲ್ಲ, ಆ ಅಂಕಿ ಬರುವುದು ಇಲ್ಲಿಂದ.

ವ್ಯಾಪಾರದವರಿಗೆ ಇದರಿಂದೇನು ಎಂದು ಬಿ.ಕಾಂ. ಹುಡುಗರು ಕೇಳುತ್ತಾರೆ. ಅವರಿಗೆ ಡೆಮಿಂಗ್ ಅವರ ಮುಂದಿನ ಬದುಕೇ ಉತ್ತರ. ಸಿಂಗೂರಿನ ಲೇಖನ ಅಚ್ಚಾದ ಮರುವರ್ಷ, 1950ರಲ್ಲಿ, ಅವರು ಜಪಾನಿಗೆ ಹೋಗಿ ಕಾರ್ಖಾನೆಗಳವರಿಗೆ ಪಾಠ ಹೇಳಿದರು. ಸರಕಿನ ಗುಣವನ್ನು ಅಂಕಿಯಿಂದ ಹಿಡಿಯುವುದನ್ನು ಜಪಾನು ಕಲಿತದ್ದರಲ್ಲಿ ಅವರ ಪಾಲು ದೊಡ್ಡದು. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಅದೇ ವಿದ್ಯೆಯನ್ನು ಕಾರ್ಖಾನೆಗಳಿಗೆ ಮುಟ್ಟಿಸಲು ಬೆಂಗಳೂರಿನಲ್ಲಿ 1954ರಲ್ಲಿ ಗುಣನಿಯಂತ್ರಣ ಘಟಕ ತೆರೆಯಿತು. ದೂರವಾಣಿ ಕಾರ್ಖಾನೆ, ಎಚ್.ಎಂ.ಟಿ., ಬಿ.ಇ.ಎಲ್. ಏಳುತ್ತಿದ್ದ ಕಾಲ ಅದು.

ಚಾಮರಾಜಪೇಟೆಯ ಹುಡುಗರಿಗೆ ನಾನು ಕೊಡುವ ಲೆಕ್ಕ ಇನ್ನೂ ಹತ್ತಿರದ್ದು. ನಮ್ಮ ಪೇಟೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿದೆ, ಪುಸ್ತಕ ಅಚ್ಚು ಮಾಡುವವರಿದ್ದಾರೆ. ಒಂದೇ ಪುಸ್ತಕದ ಕರಡನ್ನು ಇಬ್ಬರಿಗೆ ಬೇರೆ ಬೇರೆ ಕೊಡಿ. ಒಬ್ಬರು 40 ತಪ್ಪು ಹಿಡಿದರು, ಇನ್ನೊಬ್ಬರು 30, ಇಬ್ಬರೂ ಹಿಡಿದದ್ದು 24. ತಿದ್ದಿದ್ದು 46. ಇನ್ನೂ ಎಷ್ಟು ಉಳಿದಿವೆ? ಲೆಕ್ಕ ಮಾಡಿದರೆ ನಾಲ್ಕು. ಮೂರನೆಯವರಿಗೆ ಓದಲು ಕೊಡುವ ಖರ್ಚು ಆ ನಾಲ್ಕಕ್ಕೆ ತಕ್ಕುದೇ ಎಂಬುದನ್ನು ಮಾಲೀಕ ಈಗ ತೀರ್ಮಾನಿಸಬಹುದು. ಗೋದಾಮಿನ ದಾಸ್ತಾನು, ಯಂತ್ರದ ದೋಷ, ಸಾಲದ ಪುಸ್ತಕದ ತಪ್ಪು, ಎಲ್ಲಕ್ಕೂ ಇದೇ. ಒಬ್ಬನೇ ಎರಡು ಸಲ ನೋಡಿದರೆ ಸಾಲದು, ಇಬ್ಬರು ಒಂದೊಂದು ಸಲ ನೋಡಬೇಕು. ಒಬ್ಬನಿಗೆ ಮೊದಲ ಸಲ ಕಾಣದ್ದು ಎರಡನೆಯ ಸಲವೂ ಸಾಮಾನ್ಯವಾಗಿ ಕಾಣುವುದಿಲ್ಲ.

ಜನಗಣತಿಗೂ ಈ ಎರಡನೆಯ ಕಣ್ಣು ಇದೆ. 1951ರಿಂದ ಪ್ರತಿ ಗಣತಿಯ ಬೆನ್ನಿಗೇ ಕೆಲವು ಕಡೆ ಬೇರೆ ಸಿಬ್ಬಂದಿ ಬಂದು ಮತ್ತೆ ಎಣಿಸುತ್ತಾರೆ. 2011ರಲ್ಲಿ ಹಾಗೆ ಎಣಿಸಿದಾಗ ಸಾವಿರಕ್ಕೆ 23 ಮಂದಿ ಬಿಟ್ಟುಹೋಗಿದ್ದರೆಂದು ತಿಳಿಯಿತು. ಇಡೀ ದೇಶಕ್ಕೆ ಅದು ಎರಡೂಮುಕ್ಕಾಲು ಕೋಟಿಯ ಹತ್ತಿರ. ಮಾಸ್ತಿಯವರು ಎಣಿಸಿದ ಮೈಸೂರಿನಂಥ ನಾಲ್ಕು ಮೈಸೂರು.

ಈಗ 2027ರ ಜನಗಣತಿ. ಗಣತಿದಾರರು ಬಂದುಹೋದ ಮೇಲೆ ಇನ್ನೊಬ್ಬರು ನಿಮ್ಮ ಬಾಗಿಲು ತಟ್ಟಿ ಅದೇ ಪ್ರಶ್ನೆಗಳನ್ನು ಕೇಳಬಹುದು. "ಆಗಲೇ ಬರೆಸಿ ಆಯ್ತಲ್ಲ" ಎಂದು ದಯವಿಟ್ಟು ಕಳಿಸಿಬಿಡಬೇಡಿ. ಒಳಗೆ ಕರೆದು ಕೂರಿಸಿ, ಮೊದಲಿನವರಿಗೆ ಏನು ಹೇಳಿದ್ದಿರಿ ಎಂದು ಹುಡುಕದೆ, ಎಲ್ಲವನ್ನೂ ಹೊಸದಾಗಿ ಹೇಳಿ. ಮಹಡಿಯ ಕೋಣೆಯಲ್ಲಿ ಬಾಡಿಗೆಗಿರುವ ಹುಡುಗರನ್ನು ಹೇಳಿ, ಮನೆಯಲ್ಲೇ ಇದ್ದು ಕೆಲಸ ಮಾಡುವ ಹುಡುಗಿಯನ್ನು ಹೇಳಿ, ಇನ್ನೂ ಹೆಸರಿಡದ ಹತ್ತು ದಿನದ ಕೂಸನ್ನೂ ಹೇಳಿ.